ಓದದೇ ಹೇಳಿದ ‘ಛಲೋ ಅದ’

ಭಾಳ ದಿನ ಆಯ್ತು ಇಲ್ಲಿ ಏನೂ ಬರೆದಿರಲಿಲ್ಲ. ವಿಷಯ ಇರಲಿಲ್ಲ ಅಂತಲ್ಲ, ಒಂದು ತಪ್ಪು ಒಪ್ಪಿಕೊಳ್ಳುವುದಿತ್ತು. ಅದಕ್ಕೇ ಇವತ್ತು ನಾಳೆ ಅಂತ ಮುಂದೆ ಹಾಕುತ್ತ ಬಂದೆ.

ನಾವು ಮೂರು ಮಂದಿ. ವಿಜಯಪುರದಲ್ಲಿ ನಾನು, ಟಿಕೋಟಾದಲ್ಲಿ ಒಬ್ಬ ಗೆಳೆಯ, ಬಬಲೇಶ್ವರದಲ್ಲಿ ಒಬ್ಬರು ಅಕ್ಕಾರು. ಮೂವರಿಗೂ ಸಣ್ಣಕಥೆ ಬರೆಯುವ ಹುಚ್ಚು. ತಿಂಗಳಿಗೊಂದು ಭಾನುವಾರ ಬಾರಾ ಕಮಾನಿನ ಹುಲ್ಲಿನ ಮೇಲೆ ಕೂತು, ಹಿಂದಿನ ಸಲ ಒಯ್ದ ಕಥೆಗಳ ಬಗ್ಗೆ ಅನಿಸಿದ್ದು ಹೇಳುವುದು, ಹೊಸವು ಕೊಡುವುದು. ಎರಡನೇ ಅಲಿ ಆದಿಲ್ ಶಾಹನ ಗೋರಿ ಅರ್ಧಕ್ಕೇ ನಿಂತ ಜಾಗ ಅದು. ನಮ್ಮ ಅರ್ಧಂಬರ್ಧ ಕಥೆಗಳಿಗೆ ಹೇಳಿ ಮಾಡಿಸಿದ ಹಾಗಿತ್ತು :)

ಎರಡು ವರ್ಷದ ಹಿಂದೆ ಟಿಕೋಟಾದ ಗೆಳೆಯ ಒಂದು ಕಥೆ ತಂದ. ಒಣದ್ರಾಕ್ಷಿ ಶೆಡ್ಡಿನಲ್ಲಿ ದಿನಗೂಲಿಗೆ ದ್ರಾಕ್ಷಿ ಆರಿಸುವ ಮುದುಕಿಯ ಕಥೆ. 11 ಹಾಳೆ. ಮನೆಗೆ ಒಯ್ದೆ. ಆ ತಿಂಗಳು ಆಫೀಸಿನ ಗದ್ದಲ, ಮನೆಯಲ್ಲಿ ಬೀಗರು... ಆರು ಹಾಳೆ ಓದಿ, ಉಳಿದದ್ದರ ಮೇಲೆ ಕಣ್ಣಾಡಿಸಿದೆ. ಭೇಟಿಯಾದಾಗ “ಭಾಳ ಛಲೋ ಅದಪಾ, ಭಾಷಾ ಅಂತೂ ಮಸ್ತ್” ಅಂದೆ.

ಅವ ಸುಮ್ಮನೆ ಕೇಳಿದ, “ಕಡೀಕ ಮುದುಕಿ ಉಡಿಯಾಗ ಕಟ್ಕೊಂಡ ದ್ರಾಕ್ಷಿ ಏನ್ ಮಾಡ್ತಾಳ?”

“ಮೊಮ್ಮಗಗ ಕೊಡ್ತಾಳ” ಅಂದೆ.

ಮುದುಕಿ ಶೆಡ್ಡಿನ ಬಾಗಿಲತನಕ ಹೋದಾಕೆ ತಿರುಗಿ ಬಂದು, ಉಡಿಯಲ್ಲಿದ್ದದ್ದನ್ನು ರಾಶಿಗೇ ಸುರಿದು ಹೋಗುತ್ತಾಳೆ. ಕಥೆ ಇರುವುದೇ ಅಲ್ಲಿ. ಗೆಳೆಯ ಬೈಯಲಿಲ್ಲ. ಹಾಳೆ ಮಡಚಿ ಕಿಸೆಗೆ ಇಟ್ಟುಕೊಂಡು “ಚಾ ಕುಡಿಯೂಣ ನಡಿ” ಅಂದ. ಅವತ್ತಿನಿಂದ ನಮಗೆ ಒಂದು ಕಥೆಯನ್ನೂ ತೋರಿಸಲಿಲ್ಲ.

ಇಷ್ಟಾದ ಮೇಲೆ ನನಗೆ ತಿಳಿದದ್ದು: ಓದದೇ ಹೊಗಳುವುದು ಬೈಯುವುದಕ್ಕಿಂತ ಕೆಟ್ಟದ್ದು. ಬೈದವನ ಜೊತೆ ಜಗಳ ಆಡಬಹುದು, ಹೊಗಳಿದವನ ಜೊತೆ ಏನು ಆಡುತ್ತೀರಿ? ತನ್ನ ಕಥೆ ಎಲ್ಲಿತನಕ ಮುಟ್ಟಿತು, ಎಲ್ಲಿ ಕೈಜಾರಿತು ಅನ್ನುವುದು ಬರೆದವನಿಗೆ ಗೊತ್ತೇ ಆಗುವುದಿಲ್ಲ. ‘ಹೊಸದಾಗಿ ಬರೆಯುವವರಿಗೆ ಪ್ರೋತ್ಸಾಹ ಬ್ಯಾಡೇನು?’ ಅಂತ ಕೆಲವರು ಕೇಳುತ್ತಾರೆ. ಬೇಕು. ಪೂರ್ತಿ ಓದುವುದೇ ಪ್ರೋತ್ಸಾಹ. ಆಗದಿದ್ದರೆ “ಈ ತಿಂಗಳು ಓದಲಿಕ್ಕೆ ಆಗಲಿಲ್ಲ” ಅಂತ ಹೇಳಬಹುದು. ನಾನೂ ಹೇಳಬಹುದಿತ್ತು.

ಅಕ್ಕಾರು ಪೆನ್ಸಿಲ್ ಹಿಡಿದೇ ಓದುತ್ತಾರೆ. ಛಲೋ, ಕೆಟ್ಟದ್ದು ಅಂತ ಮೊದಲಿಗೆ ಹೇಳುವುದೇ ಇಲ್ಲ. “ನನಗ ತಿಳಿದದ್ದು ಇಷ್ಟು” ಅಂತ ನಮ್ಮ ಕಥೆಯನ್ನು ನಮಗೇ ನಾಲ್ಕು ಮಾತಿನಲ್ಲಿ ತಿರುಗಿ ಹೇಳುತ್ತಾರೆ. ಆಮೇಲೆ ಗೆರೆ ತೋರಿಸಿ “ಇಲ್ಲಿ ನಿಂತೆ ನೋಡು, ಮುಂದ ಹೋಗಲಾಕ ಆಗಲಿಲ್ಲ” ಅನ್ನುತ್ತಾರೆ. ನನ್ನ ಒಂದು ಕಥೆಯಲ್ಲಿ ತೋಟದ ಆಳು ‘ಏನು ಮಾಡುತ್ತಿದ್ದೀರಿ ಧಣಿ’ ಅಂತ ಮಾತಾಡಿದ್ದ. “ತಮ್ಮಾ, ಇವ ಎಲ್ಲಿಂದ ಬಂದಾನ? ನಮ್ಮ ಕಡೆ ಯಾರು ಹಿಂಗ ಮಾತಾಡ್ತಾರ?” ಅಂದರು. ವಾರಗಟ್ಟಲೆ ಸಿಟ್ಟಿತ್ತು. ಆಮೇಲೆ ಮಾತುಗಳನ್ನೆಲ್ಲ ಮತ್ತೆ ಬರೆದೆ. ನನ್ನ ಕಥೆಗಳಲ್ಲಿ ಇವತ್ತಿಗೂ ತಿರುಗಿ ಓದಿದರೆ ನಾಚಿಕೆ ಆಗದ್ದು ಅದೊಂದೇ.

ಈ ಕಿವಿಯ ಪಾಠ ನಮ್ಮ ಜಿಲ್ಲೆಗೆ ಹೊಸದೇನಲ್ಲ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಮುಂತಾದ ಹಲಸಂಗಿ ಗೆಳೆಯರು ಜನರ ಬಾಯಲ್ಲಿದ್ದ ಹಾಡುಗಳನ್ನು ಕೇಳಿ ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’, 1933ರಲ್ಲಿ ‘ಜೀವನ ಸಂಗೀತ’, 1935ರಲ್ಲಿ ‘ಮಲ್ಲಿಗೆ ದಂಡೆ’ ತಂದರು. ಅದು ಕಥೆಗಾರರ ಕೂಟವಲ್ಲ ಖರೆ. ಆದರೆ ಮೊದಲು ಕೇಳಬೇಕು, ಆಮೇಲೆ ಬರೆಯಬೇಕು ಅನ್ನುವುದನ್ನು ಹಳ್ಳಿಯಲ್ಲೇ ಕೂತು ಮಾಡಿ ತೋರಿಸಿದವರು ಅವರು. ಅತ್ತ ಧಾರವಾಡದಲ್ಲಿ ಬೇಂದ್ರೆಯವರ ಗೆಳೆಯರ ಗುಂಪು ಇತ್ತು. ಆಮೇಲೆ ಜಿ.ಬಿ. ಜೋಶಿಯವರು 1933ರಲ್ಲಿ ಶುರುಮಾಡಿದ ಮನೋಹರ ಗ್ರಂಥಮಾಲೆಯ ಅಟ್ಟ, ಅಲ್ಲಿ ಕೀರ್ತಿನಾಥ ಕುರ್ತಕೋಟಿಯವರಂಥ ಓದುಗರು. ಗಿರೀಶ ಕಾರ್ನಾಡರ ಮೊದಲ ನಾಟಕ ‘ಯಯಾತಿ’ 1961ರಲ್ಲಿ ಹೊರಬಂದದ್ದು ಗ್ರಂಥಮಾಲೆಯಿಂದಲೇ. ಇವರ ಹೆಸರು ಹೇಳಿ ನಮ್ಮನ್ನು ಹೋಲಿಸಿಕೊಳ್ಳುತ್ತಿಲ್ಲ ಮತ್ತೆ! ಅಂಥವರಿಗೂ ಕೂತು ಓದುವ, ಕೂತು ವಾದಿಸುವ ಗೆಳೆಯರು ಬೇಕಿತ್ತು, ಅಷ್ಟೇ.

ಹೇಳುವುದಕ್ಕೂ ಹೊತ್ತುಗೊತ್ತು ಇರಬೇಕು ಅನ್ನುವುದು ನನ್ನ ಇನ್ನೊಂದು ಮಾತು. ಟಿಕೋಟಾ ಕಡೆ ದ್ರಾಕ್ಷಿಗೆ ವರ್ಷಕ್ಕೆ ಎರಡು ಚಾಟ್ನಿ. ಏಪ್ರಿಲ್‌ನಲ್ಲಿ ಬಳ್ಳಿ ಕತ್ತರಿಸುವುದು ಹೊಸ ಕಡ್ಡಿ ಬರಲಿ ಅಂತ, ಅಕ್ಟೋಬರಿನಲ್ಲಿ ಕತ್ತರಿಸುವುದು ಹಣ್ಣಿಗೆ. ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ. ಕಥೆಗೂ ಹಾಗೇ. ಮೊದಲ ಕರಡಿಗೇ ಕಾಗುಣಿತ ತಿದ್ದುತ್ತ ಕೂತರೆ ಬರೆದವನ ಉಮೇದು ಸತ್ತುಹೋಗುತ್ತದೆ. ಮೊದಲ ಸಲ ಈ ಕಥೆ ಯಾರದು, ನನಗೆ ಎಲ್ಲಿ ತಿಳಿಯಲಿಲ್ಲ ಅಂತ ಮಾತಾಡೋಣ. ಸಾಲು, ಶಬ್ದ, ಒತ್ತಕ್ಷರ ಎರಡನೇ ಸಲಕ್ಕಿರಲಿ. ಎರಡನೇ ಸಲ ಓದುವ ತಾಳ್ಮೆ ಇಲ್ಲದವರು ಮೊದಲನೇ ಸಲ ತಿದ್ದುವುದಕ್ಕೂ ಹೋಗಬಾರದು.

ಮೊನ್ನೆ ಭಾನುವಾರ ಗಾಡಿ ತಗೊಂಡು ಟಿಕೋಟಾಕ್ಕೆ ಹೋದೆ. ಅದೇ 11 ಹಾಳೆ ಕೇಳಿ ಇಸಿದುಕೊಂಡು ಅವರ ಕಟ್ಟೆ ಮೇಲೆ ಕೂತು ಎರಡು ಸಲ ಓದಿದೆ. ಪುಣೆಗೆ ದುಡಿಯಲಿಕ್ಕೆ ಹೋದ ಮಗನ ಬಗ್ಗೆ ಇರುವ ಮೂರು ಹಾಳೆ ಬೇಕಿಲ್ಲ ಅಂದೆ. ಅವ ಒಪ್ಪಲಿಲ್ಲ. “ಮಗ ಹೋಗಿದ್ದಕ್ಕ ಆಕಿ ಕೂಲಿಗಿ ಬಂದಾಳ. ಅದನ್ನ ತಗದ್ರ ಏನುಳೀತೋ?” ಅಂತ ಒಂದು ತಾಸು ಜಗಳ ಮಾಡಿದ. ಅವನು ಹೇಳಿದ್ದೂ ಖರೆ ಇರಬಹುದು. ಮೂರರ ಬದಲು ಒಂದು ಹಾಳೆ ಸಾಕೇನೋ ಅಂತ ಬರುವಾಗ ದಾರಿಯಲ್ಲಿ ನನಗೇ ಅನಿಸಿತು.

ಹೊರಡುವಾಗ “ಹೊಸಾದೇನರೆ ಬರ್ದೀ?” ಅಂತ ಕೇಳಿದೆ. “ಬರ್ದೀನಿ. ಈಗ ಬ್ಯಾಡ” ಅಂದ.

ಬರುವ ತಿಂಗಳು ಮತ್ತೆ ಹೋಗುತ್ತೇನೆ. ನಿಮ್ಮ ಹತ್ತಿರವೂ ಯಾರೋ ನಂಬಿ ಕೊಟ್ಟ ಕಥೆ ಓದದೇ ಬಿದ್ದಿದ್ದರೆ, ಗೆಳೆಯರೇ, ಇವತ್ತು ರಾತ್ರಿ ತೆಗೆದು ಓದಿ. ಕಡೇ ಹಾಳೆತನಕ.