ಮುಸಾಫಿರ್‌ಖಾನೆಯ ಊರಲ್ಲೊಂದು ಊಟ
ಮೈಸೂರಿನ ಲಲಿತಮಹಲ್ ವೈಸ್‌ರಾಯ್‌ಗಾಗಿ ಕಟ್ಟಿಸಿದ ಅರಮನೆ, 1974ರಲ್ಲಿ ಹೋಟೆಲಾಯಿತು. ಹಿಂದಿನ ನೃತ್ಯಶಾಲೆಯೇ ಈಗ ಊಟದ ಮನೆ, ತಲೆಯ ಮೇಲೆ ಬಣ್ಣದ ಗಾಜಿನ ಗುಮ್ಮಟ. ಅಲ್ಲಿ ಉಂಡವರು ಒಮ್ಮೆ ಚನ್ನಗಿರಿ ತಾಲ್ಲೂಕಿನ ಸಂತೆಬೆನ್ನೂರಿಗೂ ಬರಬೇಕು. ಪಾಳೆಯಗಾರ ಹನುಮಪ್ಪನಾಯಕನ ಕಾಲದ ಪುಷ್ಕರಣಿ, ಇಳಿಯುತ್ತ ಹೋಗುವ ಕಲ್ಲಿನ ಮೆಟ್ಟಿಲು, ನೀರಿನ ನಡುವೆ ವಸಂತಮಂಟಪ, ದಡದಲ್ಲಿ ದಾರಿಹೋಕರ ಹೆಸರು ಹೊತ್ತ ಮುಸಾಫಿರ್‌ಖಾನೆ. ನೋಡಿ ಕಣ್ಣು ತುಂಬುತ್ತದೆ. ಆದರೆ ಹೊಟ್ಟೆ ತುಂಬಲು ಬುತ್ತಿ ಕಟ್ಟಿಕೊಂಡು ಬರುವುದೇ ಲೇಸು. ಸಂರಕ್ಷಿತ ಸ್ಮಾರಕದೊಳಗೆ ಒಲೆ ಹಚ್ಚುವುದು ಬೇಡವೇ ಬೇಡ. ಸುತ್ತ 100 ಮೀಟರಿನಲ್ಲಿ ಹೊಸ ಕಟ್ಟಡಕ್ಕೆ ಕಾನೂನೂ ಒಪ್ಪದು, ಅದು ಸರಿಯೇ. ಆದರೆ ಅದರಾಚೆ, ಲಲಿತಮಹಲಿನ ಹಾಗೆಯೇ, ಊರೊಳಗಿನ ಹಳೆಯ ಕಂಬದ ಮನೆಯೊಂದನ್ನು ದುರಸ್ತಿ ಮಾಡಿ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಬಡಿಸುವವರಿದ್ದರೆ, ಹೊನ್ನಾಳಿ, ನ್ಯಾಮತಿ, ಜಗಳೂರಿನವರೂ ಭಾನುವಾರ ಮಕ್ಕಳನ್ನು ಕರೆದುಕೊಂಡು ಇಲ್ಲಿಗೇ ಬಂದಾರು.