ಇಪ್ಪತ್ತೊಂದೋ, ಒಂದು ಮತ್ತು ಇಪ್ಪತ್ತೋ?

ಜರ್ಮನಿಗೆ ಬಂದ ಮೊದಲ ವರ್ಷ ಸಂಖ್ಯೆಗಳು ನನ್ನನ್ನು ಬಹಳ ಕಾಡಿದವು. ನಾವು ‘ಇಪ್ಪತ್ತೊಂದು’ ಎನ್ನುವುದನ್ನು ಇಲ್ಲಿಯವರು ‘ಒಂದು ಮತ್ತು ಇಪ್ಪತ್ತು’ ಎನ್ನುತ್ತಾರೆ. ಬಿಡಿ ಮೊದಲು, ಹತ್ತು ಆಮೇಲೆ. ಬಾಡಿಗೆ ಮನೆ ಹುಡುಕುತ್ತಿದ್ದಾಗ ಫೋನಿನಲ್ಲಿ ಕೇಳಿದ 42ನ್ನು 24 ಎಂದು ಬರೆದುಕೊಂಡು, ಅಪರಿಚಿತರ ಬಾಗಿಲು ತಟ್ಟಿದ್ದೆ. ನಮ್ಮ ಕ್ರಮವೊಂದೇ ಸಹಜವೆಂದು ಅಲ್ಲಿಯವರೆಗೆ ನಂಬಿದ್ದೆ.

ಈಗ ನನ್ನ ಶನಿವಾರದ ಸಂಜೆಗಳು ಇಂಥದೇ ತಪ್ಪುಗಳನ್ನು ಹುಡುಕುವುದರಲ್ಲಿ ಕಳೆಯುತ್ತವೆ. ಮೋಟೊರೋಲಾ ಕಂಪನಿ 1979ರಲ್ಲಿ ಹೊರತಂದ 68000 ಪ್ರೊಸೆಸರ್‌ನ ವಂಶಕ್ಕೆ ಡೆಬಿಯನ್ ಲಿನಕ್ಸ್ ಇಂದಿಗೂ ಒಗ್ಗುವಂತೆ ಉಳಿಸಿಕೊಳ್ಳುವ ಸ್ವಯಂಸೇವಕರಲ್ಲಿ ನಾನೂ ಒಬ್ಬ. ಹಳೆಯ ಮ್ಯಾಕಿಂಟಾಷ್, ಅಮಿಗಾ, ಅಟಾರಿ ಗಣಕಗಳಲ್ಲಿದ್ದದ್ದು ಇದೇ ವಂಶದ ಪ್ರೊಸೆಸರ್. ಇದನ್ನು ಕೇಳಿದ ಅಪ್ಪ ಊರಿನಿಂದ ಫೋನಿನಲ್ಲಿ ಅಂದರು: “ಅಷ್ಟು ದೂರ ಹೋಗಿ ಗುಜರಿ ಸಾಮಾನು ರಿಪೇರಿ ಮಾಡ್ತಿದ್ದೀಯೇನೋ? ಅದೂ ಪುಕ್ಕಟೆ?”

ಪ್ರಶ್ನೆ ನ್ಯಾಯವಾದದ್ದು. ಸಾಲ ಮಾಡಿ ಮಗನನ್ನು ಓದಲು ಕಳುಹಿಸಿದವರು ಅವರು. ಅವರಿಗೂ, ವಿದೇಶಕ್ಕೆ ಹೊರಟಿರುವ ಕಿರಿಯರಿಗೂ ಉತ್ತರ ಹೇಳಬೇಕಾಗಿದೆ.

1998ರಲ್ಲಿ ಬಂದ ಡೆಬಿಯನ್ 2.0, ಇಂಟೆಲ್ ಜೊತೆಗೆ ಬೇರೊಂದು ಪ್ರೊಸೆಸರ್ ವಂಶಕ್ಕೂ ಬಿಡುಗಡೆಯಾದ ಮೊದಲ ಆವೃತ್ತಿ. ಆ ಇನ್ನೊಂದು ವಂಶ ಇದೇ 68000. ಆದರೆ ತಂತ್ರಾಂಶಗಳು ದೊಡ್ಡದಾಗುತ್ತ ಹೋದಂತೆ, ಅವನ್ನು ಕಟ್ಟಿ ಮುಗಿಸಲು ಆ ನಿಧಾನದ ಯಂತ್ರಗಳಿಗೆ ದಿನಗಟ್ಟಲೆ ಹಿಡಿಯತೊಡಗಿತು. 2007ರ 4.0 ಆವೃತ್ತಿಯ ಅಧಿಕೃತ ಪಟ್ಟಿಯಲ್ಲಿ ಅದಕ್ಕೆ ಸ್ಥಳ ಸಿಗಲಿಲ್ಲ. ಏಕಕಾಲಕ್ಕೆ ಓಡುವ ಥ್ರೆಡ್‌ಗಳಿಗೆ ಪ್ರತ್ಯೇಕ ಸ್ಮೃತಿ ಒದಗಿಸುವ ಹೊಸ ವ್ಯವಸ್ಥೆಯೂ ಅದರಲ್ಲಿರಲಿಲ್ಲ. ಬಳಿಕ ಕೆಲವರು ಆ ಕೊರತೆಯನ್ನು ನೀಗಿಸಿದರು. ಇಂದಿನ ವೇಗದ ಗಣಕಗಳಲ್ಲಿ ಎಮ್ಯುಲೇಟರ್ ನಡೆಸಿ ತಂತ್ರಾಂಶಗಳನ್ನು ಕಟ್ಟತೊಡಗಿದರು. ಅಧಿಕೃತ ಪಟ್ಟಿಯ ಹೊರಗಿದ್ದೇ ಅದು ಮತ್ತೆ ಉಸಿರಾಡಿತು.

ಕೈಬಿಟ್ಟವರನ್ನು ನಾನು ದೂರುವುದಿಲ್ಲ. ಪ್ರತಿಯೊಂದು ಪ್ರೊಸೆಸರ್ ವಂಶವೂ ಎಲ್ಲರ ಹೆಗಲಿಗೆ ಹೊರೆಯೇ. ಬೇಕೆಂದವರು ಹೊರುವುದೇ ಸರಿ. ಆದರೆ ಹೊತ್ತವರಿಂದ ಉಳಿದವರಿಗೂ ಲಾಭವಿದೆ. ಇಂಟೆಲ್ ಪ್ರೊಸೆಸರ್‌ಗಳು ಸಂಖ್ಯೆಯ ಕಿರಿಯ ಭಾಗವನ್ನು ಸ್ಮೃತಿಯಲ್ಲಿ ಮೊದಲಿಡುತ್ತವೆ, ಜರ್ಮನರ ‘ಒಂದು ಮತ್ತು ಇಪ್ಪತ್ತ’ರಂತೆ. 68000 ಹಿರಿಯ ಭಾಗವನ್ನು ಮೊದಲಿಡುತ್ತದೆ, ನಮ್ಮ ‘ಇಪ್ಪತ್ತೊಂದ’ರಂತೆ. ಕಿರಿದೇ ಮೊದಲೆಂದು ನಂಬಿ ಬರೆದ ಪ್ರೋಗ್ರಾಂ ಇಂಟೆಲ್‌ನಲ್ಲಿ ಸರಾಗವಾಗಿ ಓಡುತ್ತದೆ, ಇಲ್ಲಿ ಎಡವುತ್ತದೆ. ಚಿತ್ರ ತೋರಿಸುವ ಒಂದು ಪುಟ್ಟ ಪ್ರೋಗ್ರಾಂ ಕೆಂಪನ್ನು ನೀಲಿಯಾಗಿ ತೋರಿಸುತ್ತಿತ್ತು. ಕಾರಣ ಹುಡುಕಲು ನನಗೆ ಮೂರು ಶನಿವಾರ ಬೇಕಾದವು. ತಿದ್ದಿದ್ದು ಎರಡೇ ಸಾಲು. ಬ್ಯಾಂಕುಗಳಲ್ಲಿ ಬಳಸುವ ಐಬಿಎಂ ಮೇನ್‌ಫ್ರೇಮ್‌ಗಳೂ ಹಿರಿಯ ಭಾಗವನ್ನೇ ಮೊದಲಿಡುತ್ತವೆ. ಆದ್ದರಿಂದ ಗುಜರಿ ಯಂತ್ರದಲ್ಲಿ ಸಿಕ್ಕ ತಪ್ಪು ಅಲ್ಲಿಯೂ ಕಾಡಬಹುದಾದದ್ದು.

ಇದರಿಂದ ನನಗೆ ಬಡ್ತಿ ದೊರೆತಿಲ್ಲ. ಆದರೆ ಗಣಕದ ಒಳಗನ್ನು ಕಾಲೇಜಿನ ನಾಲ್ಕು ವರ್ಷಗಳಲ್ಲಿ ಅರಿತದ್ದಕ್ಕಿಂತ ಹೆಚ್ಚಾಗಿ ಇಲ್ಲಿ ಅರಿತಿದ್ದೇನೆ. ಹೊಸದರ ಬೆನ್ನು ಹತ್ತಿ ಹೊರಡುವ ಕಿರಿಯರಿಗೆ ನನ್ನ ಮಾತಿಷ್ಟೆ: ಒಂದೇ ಯಂತ್ರವನ್ನು ಬಲ್ಲವನು ಅದರ ಅಭ್ಯಾಸಗಳನ್ನೇ ನಿಯಮವೆಂದು ಭಾವಿಸುತ್ತಾನೆ; ಒಂದೇ ಊರನ್ನು ಬಲ್ಲವನೂ ಹಾಗೆಯೇ. ಈ ಪಾಠ ಕಲಿಯಲು ವೀಸಾಕ್ಕೆ ಕಾಯಬೇಕಿಲ್ಲ. ಒಂದು ಸಾಧಾರಣ ಲ್ಯಾಪ್‌ಟಾಪು, ಉಚಿತವಾಗಿ ಸಿಗುವ ಎಮ್ಯುಲೇಟರು, ಮತ್ತೆ ತಾಳ್ಮೆ ಇದ್ದರೆ ನಿಮ್ಮ ಮನೆಯ ಜಗಲಿಯಲ್ಲಿ ಕುಳಿತೇ ಆರಂಭಿಸಬಹುದು.

ಅಪ್ಪನಿಗೆ ಇದನ್ನೆಲ್ಲ ವಿವರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: “ಹಾಗಾದ್ರೆ ನಮ್ಮ ಅಟ್ಟದ ಮೇಲಿರೋ ಕಂಪ್ಯೂಟರ್ ಮಾರೋದು ಬೇಡವೇನು?” ಸದ್ಯಕ್ಕೆ ಬೇಡ ಎಂದಿದ್ದೇನೆ.