ಕಾರ್ಖಾನೆಯ ಪರವಾನಿಗೆಯೂ ಊರಿನ ಮಾತೂ

ನವಲಗುಂದ, ಅಣ್ಣಿಗೇರಿ, ಕುಂದಗೋಳ ಭಾಗದ ಮನೆಗಳಲ್ಲಿ ಓದಿದ ಮಕ್ಕಳಿಗೆ ನೌಕರಿ ಇಲ್ಲವೆಂಬ ಕೊರಗು ಹೊಸದಲ್ಲ. ಎರಿ ಹೊಲ ಮಳೆಯನ್ನು ನಂಬಿದೆ. ಮಳೆ ಕೈಕೊಟ್ಟ ವರ್ಷ ಹೊಲವೂ ಕೈಬಿಡುತ್ತದೆ. ಆದುದರಿಂದ ಕಾರ್ಖಾನೆಯೊಂದು ಬರುವುದೆಂಬ ವಾರ್ತೆಗೆ ಹಿರಿಯರೂ ಕಿರಿಯರೂ ಕಿವಿಗೊಡುವುದು ಸಹಜ. ಕಾಯಕವನ್ನು ಪೂಜ್ಯವೆಂದು ಬಗೆದ ಸಮಾಜ ಉದ್ಯೋಗವನ್ನು ಹಳಿಯುವುದೆಂತು? ಆದರೆ ಗಳಿಕೆ ಒಬ್ಬರ ಪಾಲಿಗೆ, ಹೊಗೆ ಮತ್ತೊಬ್ಬರ ಪಾಲಿಗೆ ಆದಾಗ ಅದನ್ನು ನ್ಯಾಯವೆನ್ನಲಾಗದು. ಪರವಾನಿಗೆ ನೀಡುವ ಸರಕಾರ ಈ ಹಂಚಿಕೆಯನ್ನು ಹೇಗೆ ತೂಗುತ್ತದೆಂಬುದನ್ನು ಪ್ರತಿಯೊಂದು ಕುಟುಂಬವೂ ತಿಳಿದಿರಬೇಕು.

ಅವಿಭಜಿತ ಧಾರವಾಡ ಜಿಲ್ಲೆಗೆ ಈ ಪ್ರಶ್ನೆ ಹಳೆಯದು. 1984ರಲ್ಲಿ ರಾಜ್ಯದ ಅರಣ್ಯ ಅಭಿವೃದ್ಧಿ ನಿಗಮ ಹಾಗೂ ಹರಿಹರ ಪಾಲಿಫೈಬರ್ಸ್ ಕೂಡಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಸಂಸ್ಥೆ ಕಟ್ಟಿದವು. ಕಾರ್ಖಾನೆಗೆ ಬೇಕಾದ ನೀಲಗಿರಿ ಬೆಳೆಯಲು ಸುಮಾರು 30,000 ಹೆಕ್ಟೇರ್ ಭೂಮಿ ಗೊತ್ತುಪಡಿಸಲಾಯಿತು. ಅದು ಕಡತದಲ್ಲಿ ಸರಕಾರದ ಭೂಮಿ. ಬಡವರ ಪಾಲಿಗೆ ದನ ಮೇಯುವ ಗೋಮಾಳ, ಉರುವಲು ಆರಿಸುವ ಕಾಡು. ಡಾ. ಶಿವರಾಮ ಕಾರಂತರೂ ಸಮಾಜ ಪರಿವರ್ತನ ಸಮುದಾಯವೂ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 1987ರ ನವೆಂಬರ್ 14ರಂದು ಹಾನಗಲ್ಲ ತಾಲೂಕಿನ ಕುಸನೂರಿನಲ್ಲಿ ಜನರು ನೀಲಗಿರಿ ಸಸಿ ಕಿತ್ತು, ತಮಗೆ ಉಪಯುಕ್ತವಾದ ಗಿಡಗಳನ್ನು ನೆಟ್ಟರು. ‘ಕಿತ್ತಿಕೋ–ಹಚ್ಚಿಕೋ’ ಎಂದು ಹೆಸರಾದ ಈ ಸತ್ಯಾಗ್ರಹದ ತರುವಾಯ, 1991ರಲ್ಲಿ ಆ ಸಂಸ್ಥೆಯನ್ನು ಮುಚ್ಚಲಾಯಿತು.

ಎರಡು ದಶಕಗಳ ಬಳಿಕ ಗದಗ ಜಿಲ್ಲೆಯ ಹಳ್ಳಿಗುಡಿಯಲ್ಲಿ ಅದೇ ಪ್ರಶ್ನೆ ಎದ್ದಿತು. ಪೋಸ್ಕೋ ಉಕ್ಕಿನ ಕಾರ್ಖಾನೆಗಾಗಿ ರೈತರ ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳಲು ಸರಕಾರ ಮುಂದಾದಾಗ, ಗದುಗಿನ ತೋಂಟದಾರ್ಯ ಮಠದ ಲಿಂಗೈಕ್ಯ ಡಾ. ಸಿದ್ಧಲಿಂಗ ಮಹಾಸ್ವಾಮಿಗಳು ರೈತರ ಮುಂದೆ ನಿಂತರು. 2011ರ ಜುಲೈಯಲ್ಲಿ ಅಂದಿನ ಮುಖ್ಯಮಂತ್ರಿ ಯಡಿಯೂರಪ್ಪನವರು ಸ್ವಾಧೀನವನ್ನು ಕೈಬಿಟ್ಟಿರುವುದಾಗಿ ಘೋಷಿಸಿದರು. 2013ರಲ್ಲಿ ಕಂಪನಿಯೇ ರಾಜ್ಯದ ಯೋಜನೆಯಿಂದ ಹಿಂದೆ ಸರಿಯಿತು.

ಈ ಎರಡೂ ಪ್ರಸಂಗಗಳಲ್ಲಿ ಜನರು ಬೀದಿಗಿಳಿಯಬೇಕಾಯಿತು. ಏಕೆ? ಬೃಹತ್ ಕಾರ್ಖಾನೆಯೊಂದು ಮೂರು ಬಾಗಿಲು ದಾಟಬೇಕು. ಮೊದಲನೆಯದು ಹೂಡಿಕೆಗೆ ಒಪ್ಪಿಗೆ ಹಾಗೂ ಭೂಮಿ. ಎರಡನೆಯದು ಪರಿಸರದ ಪೂರ್ವಾನುಮತಿ. ಮೂರನೆಯದು 1974ರ ಜಲ ಕಾಯಿದೆ ಹಾಗೂ 1981ರ ವಾಯು ಕಾಯಿದೆಗಳ ಅಡಿಯಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿ ನೀಡುವ ಸಮ್ಮತಿ. ಸುತ್ತಲಿನ ಜನರನ್ನು ಕರೆದು ಬಹಿರಂಗವಾಗಿ ಕೇಳುವ ಪದ್ಧತಿ ಇರುವುದು ಮುಖ್ಯವಾಗಿ ನಡುವಣ ಬಾಗಿಲಲ್ಲಿ. ಆ ಪದ್ಧತಿಯೂ ಕಡ್ಡಾಯವಾದುದು 1997ರಲ್ಲಿ. ಈಗಿರುವ ಕ್ರಮ 2006ರ ಸೆಪ್ಟೆಂಬರ್ 14ರ ಅಧಿಸೂಚನೆಯದು. ಜನರ ಸರದಿ ಬರುವಷ್ಟರಲ್ಲಿ ಒಪ್ಪಂದಕ್ಕೆ ಸಹಿಯಾಗಿರುತ್ತದೆ, ಭೂಮಿಯ ಮೇಲೆ ಗೆರೆ ಬಿದ್ದಿರುತ್ತದೆ. ಸಣ್ಣ ಘಟಕಗಳ ವಿಷಯದಲ್ಲಿಯಂತೂ ಅನೇಕ ವೇಳೆ ಮಂಡಳಿಯ ಸಮ್ಮತಿಯೊಂದೇ ಸಾಕು. ಅಲ್ಲಿ ಸಭೆಯೇ ಇಲ್ಲ.

ಇನ್ನೊಂದು ಕೊರತೆ ಇದಕ್ಕಿಂತ ಆಳವಾದುದು. ಪ್ರತಿಯೊಂದು ಅರ್ಜಿಯನ್ನೂ ಅದೊಂದೇ ಎಂಬಂತೆ ನೋಡಲಾಗುತ್ತದೆ. ಕೊಪ್ಪಳದ ಹಳ್ಳಿಗಳು ಈಗಾಗಲೇ ಉಕ್ಕು ಮತ್ತು ಮೆದುಕಬ್ಬಿಣದ ಕಾರ್ಖಾನೆಗಳ ಧೂಳನ್ನು ಉಂಡಿವೆ. ಊರಿಗೆ ಹೊಂದಿ ಮತ್ತೊಂದು ಬೃಹತ್ ಉಕ್ಕಿನ ಕಾರ್ಖಾನೆ ಏಳಲಿದೆಯೆಂದಾಗ, 2025ರ ಫೆಬ್ರುವರಿಯಲ್ಲಿ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮಿಗಳು ಜನರೊಡನೆ ಬೀದಿಗೆ ಬಂದರು. ಮರುತಿಂಗಳು ಮುಖ್ಯಮಂತ್ರಿ ಸಿದ್ಧರಾಮಯ್ಯನವರು ಕಾಮಗಾರಿ ನಿಲ್ಲಿಸುವಂತೆ ಬಾಯಿಮಾತಿನಲ್ಲಿ ಸೂಚಿಸಿದರು. ಬಾಯಿಮಾತಿನ ಸೂಚನೆಯಿಂದ ಕಾಮಗಾರಿ ತಡೆದೀತು, ನಿಯಮ ಬದಲಾಗದು.

ನಿಯಮವೇ ಬದಲಾದ ಉದಾಹರಣೆ ಅಮೆರಿಕದಲ್ಲಿದೆ. ಅಲ್ಲಿನ ನ್ಯೂ ಜೆರ್ಸಿ ರಾಜ್ಯ 2020ರಲ್ಲಿ ಒಂದು ಶಾಸನ ಮಾಡಿತು. ಬಡವರು ಹಾಗೂ ಅಲ್ಪಸಂಖ್ಯಾತ ಜನಾಂಗದವರು ಹೆಚ್ಚಾಗಿರುವ ವಸತಿಗಳನ್ನು ಅದು ಮೊದಲೇ ಗುರುತಿಸುತ್ತದೆ. ಅಂಥಲ್ಲಿ ಹೊಸ ಮಾಲಿನ್ಯಕಾರಿ ಘಟಕ ಬರುವುದಾದರೆ, ಹಳೆಯ ಮಾಲಿನ್ಯವನ್ನೂ ಹೊಸದನ್ನೂ ಕೂಡಿಸಿಯೇ ಲೆಕ್ಕ ಹಾಕಬೇಕು. ಉಳಿದವರಿಗಿಂತ ಅವರ ಹೊರೆ ಹೆಚ್ಚಾಗುವುದಾದರೆ, ಆ ವಸತಿಯ ಜನರಿಗೇ ಅನಿವಾರ್ಯವಾದ ಸಾರ್ವಜನಿಕ ಹಿತವಿದ್ದ ಹೊರತು, ಅನುಮತಿ ನಿರಾಕರಿಸಲೇಬೇಕು. ನಮ್ಮ 2006ರ ಅಧಿಸೂಚನೆಯಂತೆ ಸುತ್ತಲಿನ ಗಾಳಿ–ನೀರಿನ ಸ್ಥಿತಿಯನ್ನು ವರದಿಯಲ್ಲಿ ಬರೆಯಬೇಕು. ಆದರೆ ಬಡವರ ಹೊರೆ ಮಿತಿಮೀರಿದರೆ ನಿರಾಕರಿಸಲೇಬೇಕೆಂಬ ಕಟ್ಟುಪಾಡು ಅದರಲ್ಲಿಲ್ಲ. ರಾಜ್ಯದ ಶಾಸಕರನ್ನು ನಾವು ಕೇಳಬೇಕಾದುದು ಇದನ್ನೇ.

ಅಲ್ಲಿಯವರೆಗೆ ಇರುವ ಹಕ್ಕನ್ನಾದರೂ ಬಳಸೋಣ. ಸಾರ್ವಜನಿಕ ಆಲಿಕೆಗೆ ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ವರದಿಯ ಸಾರಾಂಶ ಕನ್ನಡದಲ್ಲಿ ಜಿಲ್ಲಾಧಿಕಾರಿಗಳ ಕಚೇರಿ ಹಾಗೂ ಜಿಲ್ಲಾ ಪಂಚಾಯಿತಿಯಲ್ಲಿ ಓದಲು ದೊರೆಯಬೇಕು. ಸಭೆಯ ಕೊನೆಗೆ ನಡಾವಳಿಯನ್ನು ಕನ್ನಡದಲ್ಲಿ ಓದಿ ಹೇಳಬೇಕು. ಇಡೀ ಸಭೆಯ ಚಿತ್ರೀಕರಣವಾಗಬೇಕು. ಸಭೆಗೆ ಇಂತಿಷ್ಟು ಜನ ಇರಬೇಕೆಂಬ ಕೋರಂ ಇಲ್ಲವೆಂಬುದನ್ನು ಮರೆಯಬಾರದು. ಯಾರೂ ಹೋಗದಿದ್ದರೂ ಸಭೆ ಸಾಂಗವಾಗಿ ಮುಗಿಯುತ್ತದೆ. ಅಲ್ಲಿ ಆಡಿದ ಮಾತು ಮತದಾನವಲ್ಲ; ಆದರೆ ದಾಖಲಾದ ಆಕ್ಷೇಪಣೆಯನ್ನು ಪರಿಶೀಲನಾ ಸಮಿತಿ ನೋಡಲೇಬೇಕು. ಮುಂದೆ ಅನುಮತಿ ದೊರೆತರೆ 30 ದಿನಗಳೊಳಗೆ ರಾಷ್ಟ್ರೀಯ ಹಸಿರು ನ್ಯಾಯಪೀಠಕ್ಕೆ ಮೇಲ್ಮನವಿ ಸಲ್ಲಿಸಬಹುದು. ಅಲ್ಲಿ ಈ ದಾಖಲೆಯೇ ಆಧಾರ.

ಸಭೆಗೆ ಹೋಗಲಾಗದವರು ಬರಹದಲ್ಲಿ ಅಭಿಪ್ರಾಯ ಕಳುಹಿಸಬಹುದು. ಇದು ಕೆಳಊರಿನವರಿಗೆ ಮುಖ್ಯ. ಬೆಣ್ಣಿಹಳ್ಳ ನಮ್ಮ ತಾಲೂಕಿನ ಹೊಲಗಳ ನಡುವೆ ಹರಿದು ಮಲಪ್ರಭೆಯನ್ನು ಸೇರುತ್ತದೆ. ಮೇಲೂರಿನಲ್ಲಿ ಹಳ್ಳಕ್ಕೆ ಬಿಟ್ಟದ್ದು ಕೆಳಊರಿನ ದನಗಳ ಬಾಯಿಗೆ ಬರುತ್ತದೆ. ಮೇಲೂರಿನ ಸಭೆಗೆ ನಮ್ಮನ್ನು ಕರೆಯಲಿಲ್ಲವೆಂದು ಸುಮ್ಮನಿದ್ದರೆ ಹಳ್ಳ ಸುಮ್ಮನಿರದು.

ತಮ್ಮ ಮೇಲೆ ಬಿದ್ದ ಕರಭಾರದ ಕುರಿತು ರೈತರ ಮಾತು ಸಕಾಲದಲ್ಲಿ ಕೇಳಿಸದಿದ್ದಾಗ ಏನಾಯಿತೆಂಬುದಕ್ಕೆ 1980ರ ಜುಲೈ 21ರ ಗೋಲೀಬಾರನ್ನು ಕಂಡ ನವಲಗುಂದವೇ ಸಾಕ್ಷಿ. ಪ್ರಾಣ ತೆತ್ತ ಮೇಲೆ ಕೇಳಿಸಿಕೊಳ್ಳುವ ಸರಕಾರಕ್ಕಿಂತ, ಸಹಿ ಹಾಕುವ ಮೊದಲು ಕೇಳುವ ಸರಕಾರ ಲೇಸು. ಅದನ್ನು ಕೇಳುವಂತೆ ಮಾಡುವ ಹೊಣೆ ನಮ್ಮ ಗ್ರಾಮಸಭೆಗಳದು, ನಮ್ಮ ತಾಯಂದಿರದು, ಕನ್ನಡ ಓದಬಲ್ಲ ಪ್ರತಿಯೊಬ್ಬ ತರುಣ ತರುಣಿಯರದು. ಇನ್ನು ಮುಂದೆ ಪತ್ರಿಕೆಯ ಮೂಲೆಯಲ್ಲಿ ಅಂಥ ಪ್ರಕಟಣೆ ಕಂಡರೆ ಮಡಿಚಿಡದೆ, ಗುಡಿಯ ಕಟ್ಟೆಯ ಮೇಲೆ ಕುಳಿತು ನಾಲ್ಕು ಜನರಿಗೆ ಓದಿ ಹೇಳಿರಿ.